ಮೇಸ್ತ್ರಿಯ ಎಡಗಾಲಿನ ಬೂಟು

ಎಂಟುಬೆರಳಣ್ಣ ಎಂದರೆ ಬೀದಿಗೆಲ್ಲ ಗೊತ್ತು. ಅಡ್ಡಹೆಸರಿಡುವುದರಲ್ಲಿ ಜನ ಬಲು ಧಾರಾಳಿಗಳು, ಕೈಯಿಂದ ಏನೂ ಹೋಗುವುದಿಲ್ಲವಲ್ಲ! ಹೋದದ್ದು ಅವನ ಬಲಗೈಯ ಎರಡು ಬೆರಳು, ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಯಂತ್ರದ ಬಾಯಿಗೆ.

ಕೆಲಸ ಚುರುಕಾಗಲೆಂದು, ಬೆರಳು ಸಿಗದಂತೆ ಯಂತ್ರಕ್ಕಿದ್ದ ತಡೆಪಟ್ಟಿಯನ್ನು ಬಿಚ್ಚಿಸಿದವನು ಮೇಸ್ತ್ರಿ. ವಿಚಾರಣೆಯ ದಿನ ಅದೇ ಮಹಾನುಭಾವ ಎದೆ ಮುಟ್ಟಿಕೊಂಡು, “ಪಟ್ಟಿ ಬಿಚ್ಚಿದ್ದು ಅವನೇ ಸಾರ್. ಕುಡಿದು ಬಂದಿದ್ದ” ಎಂದ. ಚರ್ಚಿನ ಪ್ರಭುಭೋಜನದ ಗುಟುಕು ದ್ರಾಕ್ಷಾರಸ ಬಿಟ್ಟರೆ ಬೇರೇನೂ ಮುಟ್ಟದವನಿಗೆ ಕುಡುಕನ ಪಟ್ಟ ಕಟ್ಟಿ ಮನೆಗೆ ಅಟ್ಟಿದರು. ಮೇಸ್ತ್ರಿಗೆ ಬಡ್ತಿ ಸಿಕ್ಕಿತು.

ಎಂಟುಬೆರಳಣ್ಣ ಬೀದಿಯ ಮೂಲೆಯಲ್ಲಿ ಬೂಟು ರಿಪೇರಿಗೆ ಕೂತು ಆರು ವರ್ಷವಾಯಿತು. ಮೊಳೆ ಹೊಡೆದ ಪ್ರತಿ ಬೂಟಿನೊಳಗೂ ಬರಿಗೈ ಹಾಕಿ ಸವರುವುದು ಅವನ ಪದ್ಧತಿ. ಮೊನೆ ಒಳಗೆ ಹಾಯ್ದಿದ್ದರೆ ಗಿರಾಕಿಯ ಕಾಲಿಗಿಂತ ಮೊದಲು ಅವನ ಅಂಗೈಗೆ ಗೊತ್ತಾಗಬೇಕು.

ಒಂದು ಮಧ್ಯಾಹ್ನ ಆ ಮೇಸ್ತ್ರಿಯೇ ಚಪ್ಪಲಿ ಎಳೆದುಕೊಂಡು ಬಂದು, ಚೀಲದಿಂದ ಬೂಟು ತೆಗೆದಿಟ್ಟ. ಕೂತವನ ಗುರುತು ಹತ್ತಲಿಲ್ಲ. ಇಂಥವರಿಗೆ ಮರೆವು ಒಳ್ಳೇ ಅನುಕೂಲ.

“ಎಡಗಾಲಿಂದು ಹಿಮ್ಮಡಿ ಸವೆದಿದೆ ನೋಡಪ್ಪಾ. ಮೊಳೆಗಿಳೆ ಚುಚ್ಚಿದ್ರೆ ನಂಗೆ ಗೊತ್ತಾಗಲ್ಲ. ಸಕ್ಕರೆ ಕಾಯಿಲೆ, ಪಾದ ಜೋಮು. ಗಾಯ ಆದ್ರೆ ಕಾಲೇ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಹುಷಾರು!”

ಅವನು ಟೀ ಕುಡಿಯಲು ಹೋದ ಮೇಲೆ, ಊಟ ತಂದಿದ್ದ ಹೆಂಡತಿ ಬುತ್ತಿಯನ್ನು ಕುಕ್ಕಿದಳು.

“ರೀ, ಅವನೇ ಅಲ್ವಾ?”

“ಅವನೇ.”

“ಒಂದು ಉದ್ದನೇ ಮೊಳೆ ಹೊಡೀರಿ. ಯಾರಿಗೆ ಗೊತ್ತಾಗುತ್ತೆ?”

“ಭಾನುವಾರ ಮುಂದಿನ ಬೆಂಚಲ್ಲಿ ಕೂತು ಆಮೆನ್ ಅಂತ ಕೂಗೋಳು ನೀನೇ ತಾನೆ?”

“ಆರು ವರ್ಷದಿಂದ ಕೂಗ್ತಿದೀನಿ. ದೇವರಿಗೇನು ಕಿವಿ ಮಂದಾನಾ?”

ಅವನು ಬೂಟನ್ನು ಮಡಿಲಿಗೆ ಎಳೆದುಕೊಂಡ. ಉದ್ದನೆಯ ಮೊಳೆಯನ್ನೇ ಆರಿಸಿ ಹೊಡೆದ. ಒಳಗೆ ಕೈ ಹಾಕಿದರೆ ಮೊನೆ ಚುಚ್ಚಿತು. ಕೈ ಹೊರಗೆಳೆದು ಬೂಟನ್ನು ಹಾಗೇ ಪಕ್ಕಕ್ಕಿಟ್ಟ.

“ಮುಯ್ಯಿ ತೀರಿಸೋದು ನನ್ನ ಕೆಲಸ ಅಂದೋನು ನೀನೇ ಅಲ್ವಾ ಕರ್ತನೇ? ಯಾವಾಗ ಮಾಡ್ತೀಯ? ಅವನಿಗೆ ಬಡ್ತಿ, ನಂಗೆ ಈ ಮೂಲೆ. ಇದೇನು ನ್ಯಾಯ?” ಎಂದು ಬಾಯಿಬಿಟ್ಟೇ ಜಗಳ ತೆಗೆದ. ಮೇಲಿನಿಂದ ಸದ್ದಿಲ್ಲ. ಆದರೆ ಒಂದು ಮಾತು ತಾನಾಗಿ ಹೊಳೆದು ಅವನಿಗೆ ಮತ್ತಷ್ಟು ಸಿಟ್ಟು ಬಂತು: ಕುಡಿಯದ ತನ್ನನ್ನು ಕುಡುಕನೆಂದ ಮೇಸ್ತ್ರಿ ಈಗ ತನ್ನನ್ನು ಕೇಡಿಗನನ್ನಾಗಿಯೂ ಮಾಡಿ ಗೆಲ್ಲುತ್ತಿದ್ದ. ಅಷ್ಟು ಸುಲಭವಾಗಿ ಗೆಲ್ಲಲು ಬಿಡುತ್ತಾನೆಯೇ ಎಂಟುಬೆರಳಣ್ಣ? ಮೊಳೆ ಕಿತ್ತು ಗಿಡ್ಡನೆಯದನ್ನು ಹೊಡೆದು, ಎರಡು ಸಲ ಸವರಿ ನೋಡಿದ.

ಮೇಸ್ತ್ರಿ ಬಂದಾಗ ಎಂಟುಬೆರಳಣ್ಣ ಬೂಟನ್ನು ಬಲಗೈಯಿಂದಲೇ ಚಾಚಿದ.

“ಗುರುತು ಸಿಕ್ತಾ ಮೇಸ್ತ್ರಿಗಳೇ?”

ಮೇಸ್ತ್ರಿಯ ಕಣ್ಣು ಆ ಕೈಯ ಮೂರು ಬೆರಳಿನ ಮೇಲೆ ನಿಂತಿತು. “ನೀನಾ? ಅದೆಲ್ಲ ಹಳೇ ಕತೆ, ಬಿಡಪ್ಪಾ.”

“ನಿಮಗೆ ಹಳೇದು. ನಾನು ದಿನಾ ಇದೇ ಕೈಯಲ್ಲಿ ಉಣ್ತೀನಿ. ನೀವು ಹೇಳಿದ್ದು ಹಸೀ ಸುಳ್ಳು. ನಿಮ್ಮನ್ನ ನಾನು ಮುಟ್ಟಲ್ಲ, ಕೇಸು ದೇವರಿಗೆ ಒಪ್ಪಿಸಿದೀನಿ.”

“ಶಾಪ ಹಾಕ್ತೀಯೇನೋ?”

“ಶಾಪ ಅಲ್ಲ. ಆತ ಕೇಳೋಕೆ ಮುಂಚೆ ಹೋಗಿ ನಿಜ ಹೇಳಿಬಿಡಿ ಅಂತಿದೀನಿ. ಕಾರ್ಖಾನೆ ಆಫೀಸು ಐದು ಗಂಟೆವರೆಗೂ ತೆಗೆದಿರುತ್ತೆ.”

ಮೇಸ್ತ್ರಿ ಬೂಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟ. ಕಾರ್ಖಾನೆಯ ಕಡೆಗಲ್ಲ, ಮನೆಯ ಕಡೆಗೆ.

“ನೋಡಿದ್ರಾ?” ಎಂದಳು ಹೆಂಡತಿ. “ಈಗೇನ್ ಮಾಡ್ತೀರಿ?”

“ಇನ್ನೇನು, ನಾಳೆ ಬೆಳಿಗ್ಗೆ ಮತ್ತೆ ದೇವರ ಹತ್ರ ಜಗಳ ಆಡ್ತೀನಿ” ಎಂದ ಎಂಟುಬೆರಳಣ್ಣ. “ನೀನೂ ಬಾ, ನಿನ್ನ ಗಂಟಲು ದೊಡ್ಡದು.”