ಆಂಬ್ಯುಲೆನ್ಸಿನ ಕಮಾನು ಪಟ್ಟಿ

ನಮ್ಮವರಿಗೆ ಹಳೆಯ ಕಾರಿನ ಹುಚ್ಚು ಹಿಡಿದದ್ದು ನನ್ನ ಪುಣ್ಯವೋ ಪಾಪವೋ, ಇವತ್ತಿಗೂ ಗೊತ್ತಿಲ್ಲ. ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನು ಅವರ ಉಸ್ತುವಾರಿಯಲ್ಲಿತ್ತು. ಯಾವನೋ ಬಿಳಿ ಸಾಹೇಬ ದೇಶ ಬಿಡುವಾಗ ಬಿಟ್ಟುಹೋದ ಕಾರೊಂದು ಕೈಯಿಂದ ಕೈಗೆ ದಾಟಿ ನಮ್ಮ ಬಿಲ್ಡಿಂಗಿನ ಮುಂದೆ ಬಂದು ನಿಂತಿತು. ಅದರಲ್ಲಿ ಕೂತರೆ ಉಂಡ ಅನ್ನ ಗಂಟಲಿಗೆ ಬರುತ್ತಿತ್ತು. ಬಾಜಾರಿಗೆ ಹೋಗಿ ಬಂದರೆ ಸೊಂಟಕ್ಕೆ ಎಣ್ಣೆ ಹಚ್ಚಬೇಕು. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು.

ಆ ನಗು ನಿಂತದ್ದು ನಾನು ಮೂರನೆಯ ಸಲ ಬಸುರಿಯಾದಾಗ. ಮೊದಲಿನ ಎರಡೂ ನನ್ನ ಮಡಿಲಿಗೆ ಬಂದಿರಲಿಲ್ಲ. ಮಾಟುಂಗದ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟರು: ಮೆಟ್ಟಿಲು ಹತ್ತಬಾರದು, ಲೋಕಲ್ ರೈಲಿನ ನೂಕುನುಗ್ಗಲು ಬೇಡವೇ ಬೇಡ, ಮೈ ಕುಲುಕಬಾರದು, ದಿನ ತುಂಬುವ ಮೊದಲೇ ಬಂದು ಆಸ್ಪತ್ರೆಯಲ್ಲಿ ಮಲಗಬೇಕು. ಆದರೆ ವಿಕ್ರೋಳಿಯಿಂದ ಮಾಟುಂಗಕ್ಕೆ ಆಗ ಇದ್ದ ರಸ್ತೆಯೋ, ದೇವರಿಗೇ ಪ್ರೀತಿ! ಘಾಟ್ಕೋಪರ್ ದಾಟುವುದರೊಳಗೆ ಗಟ್ಟಿಮುಟ್ಟಾದವರೇ ಸುಸ್ತಾಗುತ್ತಿದ್ದರು.

ಒಂದು ಭಾನುವಾರ ಅವರು ಕುರ್ಲಾದ ಗುಜರಿಯಿಂದ ತುಕ್ಕು ಹಿಡಿದ ಕಬ್ಬಿಣದ ಕಟ್ಟುಗಳನ್ನು ಹಿಂದಿನ ಸೀಟಿನ ಮೇಲೆ ಹೇರಿಕೊಂಡು ಬಂದರು. ಕಮಾನು ಪಟ್ಟಿಗಳಂತೆ. ಗಾಲಿಗೂ ಗಾಡಿಯ ಮೈಗೂ ನಡುವೆ ಒಂದರ ಮೇಲೊಂದು ಜೋಡಿಸುವ ಉಕ್ಕಿನ ಪಟ್ಟಿಗಳು. ಹೊಂಡ ಬಂದಾಗ ಬಾಗಿ, ನಮ್ಮ ಪಾಲಿನ ಏಟು ತಿನ್ನುವುದು ಅವೇ.

"ಯಾವ ಗಾಡಿದು ಗೊತ್ತುಂಟಾ? ಮಿಲಿಟರಿ ಆಂಬ್ಯುಲೆನ್ಸಿದು!" ಎಂದರು. "ಗುಂಡು ತಾಗಿದವರನ್ನೇ ಅಲುಗಾಡದ ಹಾಗೆ ಕೊಂಡುಹೋದದ್ದು. ನಿನ್ನನ್ನು ಕೊಂಡುಹೋಗುದು ಎಂತ ದೊಡ್ಡದು ಮಾರಾಯ್ತಿ?"

ಮುಖ ಅಷ್ಟಗಲ ಅರಳಿತ್ತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಬೆಳಗಾವಿ ಕಡೆಯ ಮೇಸ್ತ್ರಿಯೊಬ್ಬ ಕಾರಿನಡಿ ಮಲಗಿ ಅವನ್ನು ಕತ್ತರಿಸಿ ಕೂರಿಸಿದ. ಕಾರಿನ ಹಿಂಭಾಗ ಗೇಣುದ್ದ ಎದ್ದು ನಿಂತಿತು. ಸ್ಟೇಷನ್ ತನಕ ಒಬ್ಬರೇ ಓಡಿಸಿಕೊಂಡು ಹೋದವರು ಬಂದಾಗ ಮುಖ ಕಪ್ಪಿಟ್ಟಿತ್ತು. ಮೊದಲು ಕುಲುಕುತ್ತಿದ್ದ ಕಾರು ಈಗ ಒದೆಯುತ್ತಿತ್ತು.

"ಎಂತ ಮಾಡಿ ಇಟ್ಟದ್ದು ನೀನು?" ಎಂದು ಮೇಸ್ತ್ರಿಯ ಮೇಲೆ ಹರಿಹಾಯ್ದರು.

"ನೀವು ತಂದದ್ದ ಹಾಕೇನ್ರಿ ಸಾಹೇಬ್ರ. ಆ ಗಾಡಿ ಆನಿ ಇದ್ದಂಗ, ಇದು ಆಡಿನ ಮರಿ. ಮ್ಯಾಲ ಭಾರೀ ವಜ್ಜಿ ಬಿದ್ರ ಅಷ್ಟ ಈ ಪಟ್ಟಿ ಬಾಗತಾವ. ನನಗೂ ಮದಲ ಹೊಳೀಲಿಲ್ಲ ನೋಡ್ರಿ," ಎಂದು ಅವನು ತಲೆ ಕೆರೆದುಕೊಂಡ.

ಹಳೆಯವನ್ನೇ ಮರಳಿ ಹಾಕೋಣವೆಂದರೆ ಅವು ಬಿಚ್ಚುವಾಗಲೇ ಮುರಿದಿದ್ದವು. ಬೇರೆ ಹುಡುಕಲು ಪುರುಸೊತ್ತೂ ಸಿಗಲಿಲ್ಲ. ಮರುದಿನ ಮಧ್ಯಾಹ್ನವೇ ನನಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಬಹಳ ಇತ್ತು. ಆ ಹೊತ್ತಿಗೆ ಟ್ಯಾಕ್ಸಿಯೂ ಸಿಗಲಿಲ್ಲ, ಇದ್ದದ್ದು ಅದೇ ಕಾರು.

ಆ ಪಟ್ಟಿಗಳು ಬಾಗಲೆಂದು ಕ್ಯಾಂಟೀನಿನ ಅಕ್ಕಿ ಮೂಟೆಗಳನ್ನು ಡಿಕ್ಕಿಗೆ ತುಂಬಿಸಿದರು. ನನ್ನ ಕಾಲಬುಡಕ್ಕೂ ಒಂದನ್ನು ಅಡ್ಡ ಹಾಕಿಸಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಡೆದು ಹೋಗುವವರು ದಾಟಿ ಮುಂದೆ ಹೋಗುವಷ್ಟು ನಿಧಾನವಾಗಿ ಓಡಿಸಿದರು. ಒದೆತ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಪ್ರತಿ ಹೊಂಡಕ್ಕೂ "ತಾಗಿತಾ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ತಾಗದೆ ಏನು! ಹಲ್ಲು ಕಚ್ಚಿ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಹಿಂದಿನಿಂದ ಲಾರಿಯವರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು.

ಮಗು ಹುಟ್ಟಿತು, ಅಳಲಿಲ್ಲ. ಗಂಡು. ಹೊಟ್ಟೆಯೊಳಗೇ ಜೀವ ಹೋಗಿ ಒಂದು ದಿನದ ಮೇಲಾಗಿದೆ, ನೋವು ಬಂದದ್ದೂ ಅದಕ್ಕೇ, ದಾರಿಯ ತಪ್ಪು ಏನೂ ಇಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನಮ್ಮವರು ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ಹೊರಗೆ ಹೋಗಿ ಕಾರಿನ ಹಿಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತವರು ಎಷ್ಟು ಕರೆದರೂ ಏಳಲಿಲ್ಲವೆಂದು ಆಯಾ ಬಂದು ಹೇಳಿದಳು. ನನ್ನ ಕಣ್ಣಲ್ಲಿ ನೀರಿರಲಿಲ್ಲ.

ನನ್ನನ್ನು ಮನೆಗೆ ಕಳುಹಿಸಿದ ದಿನವೂ ಅದೇ ಕಾರು. ನಾನು ಬರಿಗೈಯಲ್ಲಿ ಹತ್ತಿ ಕೂತೆ. ಅವರು ಮತ್ತೆ ಅದೇ ನಿಧಾನದಲ್ಲಿ, ಒಂದೊಂದೇ ಹೊಂಡ ಬಳಸಿಕೊಂಡು ಹೊರಟರು. ಸಯಾನ್ ದಾಟುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತು.

"ಜೋರು ಬಿಡಿ ಮಾರಾಯ್ರೆ!" ಎಂದು ಕಿರುಚಿದೆ. "ಇನ್ನು ಯಾರಿಗೆ ತಾಗುದುಂಟು? ಒಳಗೆ ಯಾರಿದ್ದಾರೆ ಈಗ?"

ಅವರು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಹಿಂದೆ ತಿರುಗಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು.

"ನೀನಿದ್ದಿಯಲ್ಲ," ಎಂದರು.

ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ದಾರಿಹೋಕರು ನಿಂತು ನೋಡುತ್ತಿದ್ದರೂ ಲೆಕ್ಕಿಸದೆ ಗೋಳೋ ಎಂದು ಅತ್ತೆ. ಅವರೂ ಅತ್ತರು.