ಮೊಳೆಬಾಯಿಯ ಮುಂದಿನ ನಾಲ್ಕು ಹಲ್ಲು

ಬೀದಿಯವರೆಲ್ಲ ಅವನನ್ನು ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ. ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಸಣ್ಣ ಮೊಳೆಗಳನ್ನು ಬಾಯಿ ತುಂಬ ಹಾಕಿಕೊಂಡು, ಒಂದೊಂದನ್ನೇ ನಾಲಿಗೆಯಿಂದ ಮುಂದಿನ ಹಲ್ಲಿಗೆ ತಂದು ಕಚ್ಚಿ ಹಿಡಿಯುತ್ತಿದ್ದ. ನಲವತ್ತು ವರ್ಷ ಹೀಗೇ ನಡೆಯಿತು. ಒಸಡಿನಿಂದ ರಕ್ತ ಬಂದರೆ ಉಗಿದು ಮತ್ತೆ ಕೂರುವನು. ಹೆಂಡತಿ ಉಪ್ಪುನೀರು ಕೊಡುವಳು. ರಾತ್ರಿ ಬಾಯಿ ನಾರುತ್ತದೆಂದು ಆಚೆ ತಿರುಗಿ ಮಲಗುವಳು. ಡಾಕ್ಟರಿಗೆ ತೋರಿಸೋಣ ಎಂದು ಒಂದು ದಿನವೂ ಹಟ ಹಿಡಿಯಲಿಲ್ಲ.

ಅರವತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಶಾಲೆಯ ಮೇಡಂ ಒಬ್ಬರ ಒಂದೇ ಕುರ್ಚಿಗೆ ಮೂರು ದಿನ ಮೂರು ಬಟ್ಟೆ, ಒಂದರ ಮೇಲೊಂದು ಹೊದಿಸಿಬಿಟ್ಟ.

“ಕುರ್ಚಿಗೆ ಚಳಿ ಆಗಿತ್ತೇನಪ್ಪ?” ಎಂದು ಅವರು ನಕ್ಕರು. ಅವನೂ ನಕ್ಕ. ಹೆಂಡತಿ ಕೂತು ಎರಡು ಪದರ ಬಿಚ್ಚಿದಳು.

ಆಮೇಲೆ ಮಗಳ ಹೆಸರು ಹೋಯಿತು. ಬಚ್ಚಲಿನ ದಾರಿ ಹೋಯಿತು. ಕೆಲಸಕ್ಕೆ ಕೂತಾಗ ಮಾತ್ರ ಅವನು ಅವನಾಗಿರುತ್ತಿದ್ದ. ಹೆಂಡತಿ ಒಂದು ಹಳೇ ಸ್ಟೂಲು ಮುಂದಿಡುವಳು. ಅವನು ದಿನವಿಡೀ ಮೊಳೆ ಹೊಡೆಯುವನು, ಸಂಜೆ ಅವಳು ಎಲ್ಲ ಕೀಳುವಳು.

ಒಸಡು ಕೀವು ಕಟ್ಟಿ ಕೆನ್ನೆ ಊದಿದಾಗ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಹಿಂದಿನವು ತೆಗೆಯಲೇಬೇಕು, ಮುಂದಿನ ನಾಲ್ಕನ್ನು ಸದ್ಯಕ್ಕೆ ಉಳಿಸಬಹುದು ಎಂದರು ಅವರು. ಮರೆವಿನ ಕಾಯಿಲೆಯಿದ್ದ ಕೆಲವರ ಮಿದುಳಿನಲ್ಲಿ ಒಸಡಿನ ಬ್ಯಾಕ್ಟೀರಿಯಾದ ಗುರುತು ಸಿಕ್ಕಿದೆ, ಆದರೆ ಅದರಿಂದಲೇ ಮರೆವು ಬರುತ್ತದೋ ಇಲ್ಲವೋ ಇನ್ನೂ ಖಚಿತವಿಲ್ಲ ಎಂದೂ ಮಾತಿಗೆ ಹೇಳಿದರು. ಅವಳ ಕಿವಿಗೆ ಮೊದಲರ್ಧ ಮಾತ್ರ ಬಿತ್ತು.

“ಎಲ್ಲಾ ಕಿತ್ತುಬಿಡಿ. ಆ ನಾಲ್ಕೂ ಬೇಡ. ಕ್ರಿಮಿ ಹೋದ್ರೆ ತಲೆ ಸರಿಹೋಗತ್ತಲ್ವಾ?”

“ಹಂಗೆ ಹೇಳಕ್ಕಾಗಲ್ಲಮ್ಮ. ನೋವು ಹೋಗತ್ತೆ. ನೆನಪು ಬರತ್ತೆ ಅಂತ ಕಾಯ್ಬೇಡಿ.”

ಬಾಯಿ ತೊಳೆದ್ರೆ ತಲೆ ತೊಳೆದಂಗಾಗತ್ತಾ ಅಮ್ಮಾ ಎಂದು ಜೊತೆಗೆ ಬಂದಿದ್ದ ಮಗಳು ಚುಚ್ಚಿದಳು. ಇವಳು ಪಟ್ಟು ಬಿಡಲಿಲ್ಲ. ಎಲ್ಲ ಕೀಳಿಸಿದಳು.

ಗಾಯ ಮಾಯಿತು. ಮಗಳ ಹೆಸರು ವಾಪಸು ಬರಲಿಲ್ಲ. ಅವಳು ಸ್ಟೂಲು ಮುಂದಿಟ್ಟಳು. ಅವನು ಮೊಳೆ ಬಾಯಿಗೆ ಹಾಕಿಕೊಂಡ. ಜೊಲ್ಲಿನ ಜೊತೆ ಎಲ್ಲವೂ ಮಡಿಲಿಗೆ ಬಿದ್ದವು. ಆಯ್ದು ಮತ್ತೆ ಹಾಕಿಕೊಂಡ, ಮತ್ತೆ ಬಿದ್ದವು.

“ನನ್ ಬಾಯಿ ಯಾರ್ ತಗೊಂಡ್ರು?” ಎಂದು ಅವಳನ್ನೇ ಕೇಳಿದ.

ಅವಳು ಮೊಳೆಗಳನ್ನು ಬಟ್ಟಲಲ್ಲಿಟ್ಟು ಒಂದೊಂದಾಗಿ ಕೈಗೆ ಕೊಟ್ಟು ನೋಡಿದಳು. ಕೈಯಲ್ಲಿ ಮೊಳೆ ಬಂದರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ವಾರ ಕಳೆದ ಮೇಲೆ ಕೂರುವುದನ್ನೇ ಬಿಟ್ಟ. ಆಮೇಲೆ ಏಳುವುದನ್ನು ಬಿಟ್ಟ. ಎಂಟು ತಿಂಗಳಿಗೆ ಹೋದ.

ತಿಂಗಳಾದ ಮೇಲೆ ಅವಳು ಡಾಕ್ಟರಮ್ಮನ ಬಾಗಿಲಿಗೆ ಹೋಗಿ, ಹತ್ತು ವರ್ಷ ಮೊದಲೇ ಕರೆತಂದಿದ್ದರೆ ನೆನಪು ಉಳಿಯುತ್ತಿತ್ತೇ ಎಂದು ಕೇಳಿದಳು. ಗೊತ್ತಿಲ್ಲಮ್ಮ, ಯಾರಿಗೂ ಗೊತ್ತಿಲ್ಲ ಎಂದರು ಅವರು. ಆ ನಾಲ್ಕು ಹಲ್ಲು ಬಿಟ್ಟಿದ್ದರೆ ಇನ್ನಷ್ಟು ದಿನ ಕೆಲಸಕ್ಕೆ ಕೂರುತ್ತಿದ್ದನೇ ಎಂದು ಅವಳು ಕೇಳಲಿಲ್ಲ. ಅದು ಅವಳಿಗೇ ಗೊತ್ತಿತ್ತು.