ವಾರಕ್ಕೊಂದು ಗುಳಿಗೆ

ನಮ್ಮ ಕಡೆ ಬಹುತೇಕ ಔಷಧದಂಗಡಿಗಳಲ್ಲಿ ಫಾರ್ಮಾಸಿಸ್ಟ್ ಗೋಡೆಯ ಮೇಲಿರುತ್ತಾರೆ. ಚೌಕಟ್ಟಿನೊಳಗೆ ಅವರ ನೋಂದಣಿ ಪತ್ರ, ಅದರ ಮೂಲೆಯಲ್ಲಿ ಮೀಸೆ ಕಪ್ಪಗಿದ್ದ ಕಾಲದ ಒಂದು ಫೋಟೊ. ಮನುಷ್ಯ ಬೇರೆಲ್ಲೋ. ಮಾನ್ವಿಯ ಖಾಸಿಂ ಸಾಹೇಬರು ಮಾತ್ರ ಆ ಚೌಕಟ್ಟಿನ ಕೆಳಗೇ, ಕಬ್ಬಿಣದ ಸ್ಟೂಲಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ ಖುದ್ದಾಗಿ ಕೂತಿರುತ್ತಿದ್ದರು. ಇದು ಅವರ ದೊಡ್ಡ ದೋಷವೆಂದು ಆಗ ನನಗನ್ನಿಸಿತ್ತು.

ರಾಯಚೂರಿನ ಕಾಲೇಜೊಂದರಲ್ಲಿ ಡಿ.ಫಾರ್ಮ ಪರೀಕ್ಷೆ ಬರೆದಿದ್ದೆ. ಮೂರು ತಿಂಗಳು ಔಷಧದಂಗಡಿಯಲ್ಲಿ ತರಬೇತಿ ಪಡೆದೆನೆಂದು ಒಂದು ಪುಸ್ತಕದಲ್ಲಿ ಸಹಿ ಬೇಕಿತ್ತು. ನನ್ನ ಗೆಳತಿಯರು ಒಂದು ಕಪ್ ಚಹಾ ಆರುವಷ್ಟರಲ್ಲಿ ಮೂರು ತಿಂಗಳ ತರಬೇತಿ ಮುಗಿಸಿದ್ದರು. ನಮ್ಮೂರು ಕಲ್ಲೂರಿಗೆ ಮಾನ್ವಿ ಹತ್ತಿರ. ಅದೇ ಆಸೆಯಿಂದ ಪುಸ್ತಕ ಹಿಡಿದು ಅವರ ಮುಂದೆ ನಿಂತೆ.

"ಸಹಿ ಒಂದ ನಿಮಿಷದ ಕೆಲಸ ಬೇಟಾ," ಅಂದರು. "ಆದ್ರ ಮೂರು ತಿಂಗಳು ಕಲ್ತಾಳ ಅಂತ ಬರದದ ಇದರಾಗ. ಅಷ್ಟು ಮುಗಿಸಿ ಬಾ. ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತೀನಿ."

ಅದೇ ತೊಂದರೆ. ಅವರು ಎಲ್ಲೂ ಹೋಗುತ್ತಿರಲಿಲ್ಲ.

ಸಾಹೇಬರು ಗುಳಿಗೆ ಕೊಡುವ ರೀತಿಯೇ ವಿಚಿತ್ರ. ಚೀಟಿ ತಂದವರ ಕೈಗೆ ಗುಳಿಗೆಯ ಹಾಳೆ ಇಡುತ್ತಿದ್ದರು, ಆದರೆ ಅದರ ಇನ್ನೊಂದು ತುದಿ ಬಿಡುತ್ತಿರಲಿಲ್ಲ.

"ಹೆಂಗ ತಗೋತಿ, ಹೇಳು."

"ಡಾಕ್ಟ್ರು ಎಲ್ಲಾ ಹೇಳ್ಯಾರ್ರಿ."

"ಅವರು ಹೇಳಿದ್ದು ಅವರಿಗೆ ಗೊತ್ತದ. ನಿನಗೇನು ತಿಳೀತು, ಅದನ್ನ ಹೇಳು."

ಬಸ್ಸಿಗೆ ಹೊತ್ತಾದವರು ಈಚೆಯಿಂದ ಜಗ್ಗುತ್ತಿದ್ದರು, ಸಾಹೇಬರು ಆಚೆಯಿಂದ ಹಿಡಿದಿರುತ್ತಿದ್ದರು. ಸರಿಯಾಗಿ ಹೇಳಿದ ಮೇಲೆಯೇ ಬಿಡುಗಡೆ. ಅವಸರದವರೆಲ್ಲ ಪಕ್ಕದ ಅಂಗಡಿಗೆ ಹೋದರು. ನಮ್ಮಲ್ಲಿಗೆ ಬರುತ್ತಿದ್ದವರು ಎರಡೇ ಬಗೆ: ಬೇಕಾದಷ್ಟು ಹೊತ್ತಿದ್ದವರು, ಇಲ್ಲವೆ ಪಕ್ಕದ ಅಂಗಡಿಯಿಂದ ಕೆಟ್ಟು ಬಂದವರು. ಚೀಟಿಯಲ್ಲಿ ಅನುಮಾನ ಬಂದರೆ ವೈದ್ಯರಿಗೇ ಫೋನು ಹಚ್ಚುತ್ತಿದ್ದರು. ಹಾಗಾಗಿ ಊರಿನ ವೈದ್ಯರು ಅವರನ್ನು ಸಿಟ್ಟಿನಿಂದ ಕಂಪೌಂಡರ್ ಅನ್ನುತ್ತಿದ್ದರು, ಹಳ್ಳಿಯವರು ಪ್ರೀತಿಯಿಂದ ಡಾಕ್ಟರ್ ಅನ್ನುತ್ತಿದ್ದರು. ಅವರು ಓದಿದ್ದನ್ನು ಹೇಳಿ, ಫಾರ್ಮಾಸಿಸ್ಟ್ ಎಂದು ಕರೆದವರನ್ನು ನಾನು ಕಾಣೆ.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗಿದ್ದರು. ತಾವು ಬರುವವರೆಗೆ ಯಾರಿಗೂ ಏನೂ ಕೊಡಬೇಡ ಅಂದಿದ್ದರು. ಆಗ ದೇವದುರ್ಗದ ದುರುಗಮ್ಮ ಅಳಿಯನ ಜೊತೆ ಬಂದಳು. ಕೀಲುಬೇನೆಗೆ ಮಾನ್ವಿಯ ವೈದ್ಯರಿಗೆ ತೋರಿಸಿ, ಚೀಟಿ ತಂದಿದ್ದಳು. ಬೆರಳುಗಳು ಸೊಟ್ಟಗಾಗಿದ್ದವು, ನಿಲ್ಲಲಾಗುತ್ತಿರಲಿಲ್ಲ. ಕನಿಕರವೋ ಜಂಬವೋ, ನಾನೇ ಕೊಟ್ಟುಬಿಟ್ಟೆ. ಮೆಥೊಟ್ರೆಕ್ಸೇಟ್, ಎಂಟು ಗುಳಿಗೆ. ವಾರಕ್ಕೊಮ್ಮೆ ತೆಗೆದುಕೊಂಡರೆ ಔಷಧ, ದಿನವೂ ತೆಗೆದುಕೊಂಡರೆ ವಿಷ. ಪಠ್ಯಪುಸ್ತಕದಲ್ಲಿ ಇದರ ಕೆಳಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಸ್ಪಷ್ಟವಾಗಿ ಹೇಳಿದೆ: "ವಾರಕ್ಕ ಒಂದ ತಗೋಬೇಕು ಯವ್ವಾ." ಅವಳು ತಲೆಯಾಡಿಸಿದಳು. ಗುಳಿಗೆಯ ತುದಿ ಹಿಡಿದು ನಿಲ್ಲುವ ಹಟ ನನಗಿರಲಿಲ್ಲ. ಸಾಹೇಬರು ಬಂದ ಮೇಲೂ ಅವರಿಗೆ ಇದನ್ನು ಹೇಳಲಿಲ್ಲ.

ಒಂಬತ್ತನೆಯ ದಿನ ಅಳಿಯ ಒಬ್ಬನೇ ಬಂದ. "ಅತ್ತಿ ಊರಿಗೆ ಹೋಗ್ಯಾಳ್ರಿ. ಬಾಯಾಗ ಹುಣ್ಣಾಗ್ಯಾವ, ಗಂಜೀನೂ ಇಳೀವಲ್ದು. ಗುಳಗಿ ಮುಗದಾವಂತ, ಮತ್ತ ಎಂಟು ಕೊಡ್ರಿ."

ಸಾಹೇಬರು ಹಳೆಯ ಚೀಟಿ ನೋಡಿದರು. ನನ್ನ ಮುಖ ನೋಡಿದರು. ಅಂಗಡಿಯ ಬಾಗಿಲು ಎಳೆದು, ಅಳಿಯನನ್ನೂ ನನ್ನನ್ನೂ ಬಾಡಿಗೆ ಜೀಪಿನಲ್ಲಿ ಕೂರಿಸಿಕೊಂಡು ದೇವದುರ್ಗಕ್ಕೆ ಹೊರಟರು.

ದುರುಗಮ್ಮ ಪಡಸಾಲೆಯಲ್ಲಿ ಮಲಗಿದ್ದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ಮೈ ಕೆಂಡದಂತಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು.

"ನೀ ಹೇಳಿದಂಗ ತಗೊಂಡೀನಿ ಯವ್ವಾ. ಸೋಮವಾರಕ್ಕ ಒಂದು, ಮಂಗಳವಾರಕ್ಕ ಒಂದು, ಬುಧವಾರಕ್ಕ ಒಂದು. ಒಂದು ವಾರಾನೂ ತಪ್ಪಿಸಿಲ್ಲ."

ಅದೇ ಜೀಪಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ಏನು, ಎಷ್ಟು, ಎಷ್ಟು ದಿನ ಎಂದು ಸಾಹೇಬರು ಒಂದೇ ಉಸಿರಿಗೆ ಹೇಳಿ, ಕೊಡಬೇಕಾದ ಮದ್ದಿನ ಹೆಸರನ್ನೂ ಹೇಳಿದರು. ಅಲ್ಲಿನ ಎಳೆಯ ವೈದ್ಯರು ಮದ್ದು ಶುರು ಮಾಡಿಸಿ, ಆಮೇಲೆ ಕೇಳಿದರು: "ಯಾರು ಕೊಟ್ಟಿದ್ದು ಇದನ್ನ?"

"ನಾನ್ರಿ," ಅಂದರು ಸಾಹೇಬರು.

ಬೈಗುಳ ಬಹಳ ಹೊತ್ತು ನಡೆಯಿತು. ಅರವತ್ತು ದಾಟಿದ ಮನುಷ್ಯ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಸಾಹೇಬರು ಕಿಟಕಿಯ ಕಡೆ ನೋಡುತ್ತಲೇ ಅಂದರು: "ನೀ ತಪ್ಪು ಹೇಳಿಲ್ಲ. ಆಕಿ ತಪ್ಪು ಕೇಳಿಲ್ಲ. ಆದ್ರೂ ಆಕಿ ಸಾಯಾಕತ್ತಿದ್ಲು. ನಾ ಯಾಕ ಗುಳಗಿ ಬಿಡಂಗಿಲ್ಲ ಅಂತ ಈಗ ತಿಳೀತಲ್ಲ? ನಾಳೆ ಲಗೂನ ಬಾ."

ದುರುಗಮ್ಮ ಹದಿನೈದು ದಿನಕ್ಕೆ ಎದ್ದು ಕೂತಳು. ಆಮೇಲೆ ಅಂಥ ಗುಳಿಗೆ ಕೊಡುವಾಗಲೆಲ್ಲ "ಸಂತಿ ದಿನ ಒಂದು, ಮತ್ತ ಮುಂದಿನ ಸಂತಿಗೇ ಇನ್ನೊಂದು" ಎಂದು ಹೇಳಲು ಕಲಿತೆ. ಮೂರು ತಿಂಗಳು ತುಂಬಿದ ದಿನ ಸಾಹೇಬರು ಸಹಿ ಹಾಕಿದರು. ನಿಜವಾಗಿಯೂ ಒಂದು ನಿಮಿಷ ಹಿಡಿಯಲಿಲ್ಲ.

ಮುಂದೆ ನಾನು ಓದಿ ರಾಯಚೂರಿನ ಕಾಲೇಜಿನಲ್ಲೇ ಪಾಠ ಹೇಳುವವಳಾದೆ. ಹೋದ ವರ್ಷ ಮಕ್ಕಳೆದುರು ಮಾತಾಡಲು ಸಾಹೇಬರನ್ನು ಕರೆಸಿದೆ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ‘ಔಷಧ ವ್ಯಾಪಾರಿಗಳು’ ಎಂದು ಅಚ್ಚಾಗಿತ್ತು. ಅವರು ಓದಿ ನಕ್ಕರು. "ಇರ್ಲಿ ಬಿಡು. ವ್ಯಾಪಾರ ಮಾತ್ರ ನನಗ ಬರಲಿಲ್ಲ."

ಮೈಕು ಹಿಡಿದು ದುರುಗಮ್ಮನ ಕಥೆ ಹೇಳಿದರು. ಸೋಮವಾರ, ಮಂಗಳವಾರ ಎಲ್ಲವನ್ನೂ. ಗುಳಿಗೆ ಕೊಟ್ಟವರು ಮಾತ್ರ ಬೇರೆಯಾಗಿದ್ದರು. "ಅವತ್ತು ನನಗ ಅವಸರ ಇತ್ತು. ನಾನ ಕೊಟ್ಟೆ, ನಾನ ಕೇಳಲಿಲ್ಲ," ಅಂದರು. ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ನಾನು ಕೂತಿದ್ದೆ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಚುರುಕು ವಿದ್ಯಾರ್ಥಿನಿ ನನ್ನ ಹತ್ತಿರ ಬಂದಳು. "ಇಷ್ಟು ದೊಡ್ಡ ತಪ್ಪು ಮಾಡಿದವ್ರನ್ನ ಯಾಕ ಕರೆಸಿದ್ರಿ ಮೇಡಂ?"

ನಾನು ಕೇಳದವಳಂತೆ ಸರಿದೆ.

ಬಸ್ ನಿಲ್ದಾಣದಲ್ಲಿ ಸಾಹೇಬರನ್ನು ಕೇಳಿದೆ, ಹಾಗೇಕೆ ಹೇಳಿದಿರಿ ಎಂದು.

"ನಾಳಿ ಆ ಹುಡುಗ್ರು ನಿನ್ನ ಮಾತು ಕೇಳಬೇಕಲ್ಲ ಬೇಟಾ," ಎಂದು ಮಾನ್ವಿ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ಅದೇ ಕೊನೆ. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಹೋಗಿ ಬಂದ ಮರುದಿನ ಬೆಳಗಿನ ಮೊದಲ ಪಾಠ ನನ್ನದಿತ್ತು. ಹಾಜರಿ ಕರೆಯಲಿಲ್ಲ. ಆ ಚುರುಕು ಹುಡುಗಿ ಎರಡನೆಯ ಬೆಂಚಿನಲ್ಲಿ ಕೂತಿದ್ದಳು. ಅವಳನ್ನೇ ನೋಡುತ್ತಾ ಹೇಳಿದೆ: "ಮಾನ್ವಿ ಸಾಹೇಬರು ಅವತ್ತು ನಿಮಗೊಂದು ಸುಳ್ಳು ಹೇಳ್ಯಾರ. ಆ ಗುಳಗಿ ಕೊಟ್ಟಾಕಿ ನಾನು."